ಹನ್ನೊಂದು ಪುಟದ ವರದಿ

ಬೆಳಗ್ಗೆ ಗ್ರಂಥಾಲಯದ ಬೀಗ ತೆಗೆಯುವಾಗ ಬಾಗಿಲ ಸಂದಿಯಲ್ಲಿ ಹೆಡ್ ಮೇಡಂ ಬರೆದ ಚೀಟಿ ಸಿಕ್ಕಿತು. 'ಹೊಸ ಕಾದಂಬರಿ ಮೂರರಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಹಿಡಿದಿಡುವುದು ಯಾವುದು? ಇವತ್ತು ಮಧ್ಯಾಹ್ನ ಮೂರು ಗಂಟೆಯೊಳಗೆ ವರದಿ ಕೊಡಿ. ಇಲ್ಲವಾದರೆ ಈ ಕೋಣೆ ಟೇಬಲ್ ಟೆನ್ನಿಸಿಗೆ.'

ಲೈಬ್ರರಿ ಮೇಷ್ಟ್ರು ಚೀಟಿಯನ್ನು ಎರಡು ಸಲ ಓದಿದರು. ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ಕೂತು, ಮಾತಾಡುವ ಮಕ್ಕಳಿಗೆಲ್ಲ 'ಶ್ಶ್' ಎಂದು ಹೇಳಿ ಹೇಳಿ, ಮಕ್ಕಳ ಬಾಯಲ್ಲಿ ಅವರ ಹೆಸರೇ ಶ್ಶ್ ಸಾರ್ ಎಂದಾಗಿತ್ತು. ಈಚೆಗೆ ಆ ಹೆಸರಿಗೂ ಕೆಲಸವಿರಲಿಲ್ಲ. ಶ್ಶ್ ಅನ್ನಿಸಿಕೊಳ್ಳುವುದಕ್ಕಾದರೂ ಯಾರಾದರೂ ಒಳಗೆ ಬರಬೇಕಲ್ಲ! ಕೋಣೆ ಹೋದರೆ ಅವರು ಆಫೀಸಿನ ಮೂಲೆಯಲ್ಲಿ ಕೂತು ಟಪಾಲಿಗೆ ಮೊಹರು ಒತ್ತಬೇಕು.

ಮೂರನ್ನೂ ಅವರು ಓದಿ ಮುಗಿಸಿದ್ದರು. ಹಸಿರು ರಟ್ಟಿನದರಲ್ಲಿ ಹಾಸ್ಟೆಲಿನಿಂದ ಕಾಣೆಯಾದ ತಮ್ಮನನ್ನು ಅಕ್ಕ ಹುಡುಕುತ್ತಾಳೆ. ಕೆಂಪು ರಟ್ಟಿನದರಲ್ಲಿ ಜೀವದ ಗೆಳತಿಯರಿಬ್ಬರು ಮಾತು ಬಿಡುತ್ತಾರೆ. ನೀಲಿ ರಟ್ಟಿನದರಲ್ಲಿ ಸಮುದ್ರ ಊರೊಳಗೆ ನುಗ್ಗುತ್ತದೆ, ಹದಿನಾಲ್ಕರ ಹುಡುಗನೊಬ್ಬ ದೋಣಿ ಕಟ್ಟುತ್ತಾನೆ. ಕೆಂಪಿನದನ್ನು ಬಸ್ಸಿನಲ್ಲಿ ಓದುತ್ತ ಅವರು ಬಿಕ್ಕಿ ಬಿಕ್ಕಿ ಅತ್ತಾಗ ಪಕ್ಕದ ಪ್ರಯಾಣಿಕರು ತಮ್ಮ ಕರವಸ್ತ್ರ ಕೊಟ್ಟಿದ್ದರು. ಆದರೆ ಐವತ್ತಾರು ವರ್ಷದವರು ಅತ್ತದ್ದನ್ನು ಮೇಡಂ ಒಪ್ಪುವುದಿಲ್ಲ.

ಮೂರು ಪುಸ್ತಕವನ್ನೂ ಹಿಡಿದು ಸ್ಟಾಫ್ ರೂಮಿಗೆ ಹೋದರೆ, ಗಣಿತದ ಮೇಷ್ಟ್ರು ಚೀಟಿಯನ್ನು ಕಸಿದುಕೊಂಡು ಓದಿದರು.

"ಇದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ ಸಾರ್? ಒಟ್ಟು ಪುಟಾನ ಅಧ್ಯಾಯದಿಂದ ಭಾಗಿಸಿ. ಅಧ್ಯಾಯ ಚಿಕ್ಕದಿದ್ರೆ ಹುಡುಗರು ಓದ್ತಾರೆ. ಅಷ್ಟೇ ವಿಷಯ."

ಅವರೇ ಭಾಗಿಸಿದರು. ಮೂರಕ್ಕೂ ಹದಿನೇಳು ಬಂತು.

"ಮೂರೂ ಸಮ. ನೋಡಿ, ಲೆಕ್ಕ ಎಷ್ಟು ಸರಿಯಾಗಿ ಬಂತು!" ಎಂದು ಸಂತೋಷಪಟ್ಟು ಚಹಾದ ಕಡೆ ತಿರುಗಿದರು.

ಅಷ್ಟರಲ್ಲಿ ಆಟದ ಮೇಷ್ಟ್ರು ಅಳತೆ ಟೇಪು ಹಿಡಿದು ಗ್ರಂಥಾಲಯದಿಂದಲೇ ಬಂದರು. ಕೋಣೆ ಅವರಿಗೆ ಒಪ್ಪಿಗೆಯಾಗಿತ್ತು. ಪುಸ್ತಕಗಳನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿ, "ನೀಲಿದೇ ಒಳ್ಳೇದು ಸಾರ್. ನಮ್ಮ ಟೇಬಲ್ಲಿನ ಒಂದು ಕಾಲು ಗಿಡ್ಡ, ಕೆಳಗೆ ಕೊಟ್ರೆ ಅಲ್ಲಾಡಲ್ಲ" ಎಂದು ತಮ್ಮ ತೀರ್ಪು ಕೊಟ್ಟರು.

ದೊಡ್ಡವರನ್ನು ಕೇಳಿದ್ದೇ ತಪ್ಪಾಯಿತೆಂದುಕೊಂಡು ಶ್ಶ್ ಸಾರ್ ಪುಸ್ತಕಗಳನ್ನು ನೇರ ಒಂಬತ್ತನೇ ತರಗತಿಗೆ ಒಯ್ದರು. ಹಿಂದಿನ ಬೆಂಚಿನ ಉದ್ದನೆಯ ಹುಡುಗ ಹಸಿರಿನದರ ಕೊನೆಯ ಪುಟ ನೋಡಿ, "ಮುನ್ನೂರಾ ಆರು ಸಾರ್!" ಎಂದ, ಯಾರೋ ತೀರಿಕೊಂಡ ಸುದ್ದಿ ಹೇಳಿದ ಹಾಗೆ.

ಎರಡು ಜಡೆಯ ಹುಡುಗಿ ಕೆಂಪಿನದನ್ನು ತಿರುವಿ ಹಾಕಿದಳು. "ಸಾರ್, ಇದು ಪರೀಕ್ಷೆಗೆ ಬರುತ್ತಾ?"

"ಇಲ್ಲಮ್ಮ."

"ಮತ್ಯಾಕೆ ಸಾರ್ ಓದ್ಬೇಕು?"

ಅದಕ್ಕೆ ಅವರಲ್ಲಿ ಉತ್ತರವಿತ್ತು. ಆದರೆ ಆ ಉತ್ತರಕ್ಕೆ ಒಂದೂವರೆ ಗಂಟೆ ಬೇಕಿತ್ತು, ಗಂಟೆ ಹೊಡೆದುಬಿಟ್ಟಿತು.

ಇನ್ನು ಉಳಿದದ್ದು ಬರೆಯುವುದೊಂದೇ. ಚುಟುಕಾಗಿ ಹೇಳುವುದು ಅವರ ಜಾತಕದಲ್ಲೇ ಇರಲಿಲ್ಲ. ಅವರು ಸಿನಿಮಾದ ಕತೆ ಹೇಳಿದರೆ ಸಿನಿಮಾಕ್ಕಿಂತ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆಂದು ಮನೆಯಾಕೆಯ ದೂರು. ಊಟ ಬಿಟ್ಟು ಬರೆದರು. ತಮ್ಮ ಯಾಕೆ ಓಡಿಹೋದ, ಗೆಳತಿಯ ಚೀಲದಲ್ಲಿ ಸಿಕ್ಕ ಕಾಗದ ಯಾರದ್ದು, ಆರು ಜನರ ದೋಣಿಗೆ ಏಳನೆಯವಳು ಬಂದಾಗ ಏನಾಯಿತು, ಯಾವುದನ್ನೂ ಬಿಡಲು ಮನಸ್ಸು ಬರಲಿಲ್ಲ. ಹೋಲಿಕೆ ನ್ಯಾಯವಾಗಿರಬೇಕಾದರೆ ಮೂರರ ಕೊನೆಯನ್ನೂ ಹೇಳಲೇಬೇಕು. ಹನ್ನೊಂದನೇ ಪುಟದಲ್ಲಿ 'ಕೆಂಪೇ ಶ್ರೇಷ್ಠ' ಎಂದು ಮುಗಿಸಿ, ಗುಂಡುಪಿನ್ನು ಚುಚ್ಚಿ, ಮುಖ ತೊಳೆಯಲು ಹೋದರು.

ಬಂದು ನೋಡಿದರೆ ಗ್ರಂಥಾಲಯದ ಮೇಜಿನ ಮೇಲೆ ವರದಿಯಿಲ್ಲ. ಕಾದಂಬರಿಗಳು ಮಾತ್ರ ಇದ್ದಲ್ಲೇ ಇದ್ದವು.

"ನನ್ನ ವರದಿ ತಗೊಂಡ್ರಾ?" ಎಂದು ಆಟದ ಮೇಷ್ಟ್ರನ್ನು ಅಡ್ಡಗಟ್ಟಿದರು.

"ನಾನು ಓದೋ ಮನುಷ್ಯನ ಥರ ಕಾಣ್ತೀನಾ ಸಾರ್?" ಎಂದು ಅವರು ನಿಜವಾಗಿಯೂ ನೊಂದುಕೊಂಡರು.

ಕಸದ ಬುಟ್ಟಿ, ಬೀರು, ಸ್ಟಾಫ್ ರೂಮು, ಎಲ್ಲ ಜಾಲಾಡಿದ್ದಾಯಿತು. ಮೂರಕ್ಕೆ ಹತ್ತು ನಿಮಿಷ ಇರುವಾಗ ಒಂಬತ್ತನೇ ತರಗತಿಯ ಮುಂದೆ ಅವರ ಕಾಲು ತಾನಾಗಿ ನಿಂತಿತು. ಒಳಗೆ ಸದ್ದೇ ಇರಲಿಲ್ಲ. ಮೇಷ್ಟ್ರಿಲ್ಲದ ಒಂಬತ್ತನೇ ತರಗತಿಯಲ್ಲಿ ಸದ್ದಿಲ್ಲವೆಂದರೆ ಏನೋ ಅನಾಹುತವಾಗಿದೆಯೆಂದೇ ಅರ್ಥ.

ಇಣುಕಿದರು. ಯಾರೋ ಮೇಜಿನಿಂದ ಎತ್ತಿ ತಂದಿದ್ದ ವರದಿಯ ಪಿನ್ನು ಕಿತ್ತು, ಹನ್ನೊಂದು ಪುಟ ಹನ್ನೊಂದು ಬೆಂಚಿಗೆ ಹಂಚಿಹೋಗಿತ್ತು. ಒಂದೊಂದು ಪುಟದ ಮೇಲೂ ಮೂರು ನಾಲ್ಕು ತಲೆ. ಎರಡು ಜಡೆಯ ಹುಡುಗಿ ಏಳನೇ ಪುಟ ಹಿಡಿದು ಮೂಗು ಒರೆಸಿಕೊಳ್ಳುತ್ತಿದ್ದಳು.

"ಎಂಟನೇದು ಯಾರ ಹತ್ರ ಇದೆ? ಬೇಗ ಕೊಡ್ರೋ, ಆ ಹುಡುಗಿ ದೋಣಿ ಹತ್ತಿದ್ಲೋ ಇಲ್ವೋ!" ಎಂದು ಉದ್ದನೆಯ ಹುಡುಗ ಪಿಸುಗುಡುತ್ತಿದ್ದ.

"ಏನ್ರೋ ಇದು?" ಎಂದು ಒಳಗೆ ಕಾಲಿಟ್ಟರು ಮೇಷ್ಟ್ರು.

"ಶ್ಶ್!" ಎಂದಿತು ಇಡೀ ತರಗತಿ.

ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಇಂಥ ಸಂತೋಷ ಆಗಿರಲಿಲ್ಲ. "ಅಷ್ಟು ಹಿಡಿಸ್ತಾ? ಬನ್ರೋ, ಪುಸ್ತಕಾನೇ ಕೊಡ್ತೀನಿ. ಮೂರೂ ಅಲ್ಲೇ ಇದಾವೆ."

ಹುಡುಗಿ ಕಣ್ಣೊರೆಸಿಕೊಂಡು ಅವರನ್ನು ನೋಡಿದಳು. "ಇನ್ಯಾಕೆ ಸಾರ್? ಎಲ್ಲಾ ನೀವೇ ಹೇಳ್ಬಿಟ್ಟಿದ್ದೀರಲ್ಲ."

ಬಾಗಿಲಲ್ಲಿ ಹೆಡ್ ಮೇಡಂ ನಿಂತಿದ್ದರು. ಯಾರೂ ಗಮನಿಸಲಿಲ್ಲ. ಅವರು ಹತ್ತಿರದ ಬೆಂಚಿನಿಂದ ಒಂದು ಪುಟ ಎತ್ತಿಕೊಂಡು ನಿಂತಲ್ಲೇ ಓದಿದರು, ಮುಂದಿನ ಪುಟಕ್ಕೆ ಕೈಚಾಚಿದರು. ಮೂರು ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಮೇಡಂ ಮೇಷ್ಟ್ರನ್ನು ಹೊರಗೆ ಕರೆದರು.

"ಮೇಷ್ಟ್ರೇ, ನಿಮ್ಮನ್ನ ಇಷ್ಟು ವರ್ಷ ಸುಮ್ನೆ ಕೂರಿಸ್ಬಿಟ್ವಿ. ಇನ್ಮೇಲೆ ಎಲ್ಲಾ ಪುಸ್ತಕಕ್ಕೂ ಹೀಗೇ ಬರೆದುಬಿಡಿ. ತರಗತಿಗೊಂದು ಪ್ರತಿ ತೆಗೆಸ್ತೀನಿ."

"ಮೇಡಂ, ನಾಲ್ಕು ಸಾವಿರದ ಇನ್ನೂರು ಪುಸ್ತಕ..."

"ಅವಸರ ಇಲ್ಲ. ನಿಮ್ಮ ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆಯಲ್ಲ."

ಮೇಷ್ಟ್ರು ಗ್ರಂಥಾಲಯದ ಕಡೆ ನೋಡಿದರು. "ಅಂದ್ರೆ, ಕೋಣೆ ಉಳೀತು?"

"ಕೋಣೆ ಯಾಕೆ? ನಿಮ್ಮ ವರದಿಗೆ ಒಂದು ಬೀರು ಸಾಕು. ಪುಸ್ತಕ ಎಲ್ಲಾ ಕಟ್ಟಿ ಉಗ್ರಾಣಕ್ಕೆ ಹಾಕಿಸ್ತೀನಿ. ನೀವು ಆಫೀಸಲ್ಲೇ ಕೂತು ಬರೀರಿ. ಕೈ ನೋವು ಬಂದಾಗ ಟಪಾಲಿಗೆ ಮೊಹರು ಒತ್ತಿ, ಬದಲಾವಣೆ ಆಗುತ್ತೆ."

ನಾಲ್ಕು ಗಂಟೆಗೆಲ್ಲ ಅವರ ಕುರ್ಚಿ ಆಫೀಸಿನ ಮೂಲೆಗೆ ಬಂದಿತ್ತು. ದಾಖಲೆಯ ಕ್ರಮದಲ್ಲೇ ಬರೆಯಬೇಕೆಂದು ಮೇಡಂ ಅವರ ಅಪ್ಪಣೆಯಾಗಿತ್ತು. ಗ್ರಂಥಾಲಯದ ಒಂದನೇ ನಂಬರಿನ ಪುಸ್ತಕ ಮೇಜಿನ ಮೇಲಿತ್ತು. ಅದು ನಿಘಂಟು. ಮೇಷ್ಟ್ರು ಬಿಳಿ ಹಾಳೆಯ ಮೇಲೆ 'ಅ' ಎಂದು ಬರೆದು, ಮುಂದೆ ತೋಚದೆ ಪೆನ್ನು ಕಚ್ಚುತ್ತ ಕೂತರು.

ಕಿಟಕಿಯಲ್ಲಿ ಎರಡು ಜಡೆ ಕಾಣಿಸಿತು, ಅದರ ಹಿಂದೆ ಅರ್ಧ ತರಗತಿ.

"ಸಾರ್, ಮುಂದಿನದು ಶುರು ಮಾಡಿದ್ರಾ?"

"ಮಾಡಿದೀನಮ್ಮ."

"ಕೊನೇಲಿ ಯಾರು ಸಾಯ್ತಾರೆ ಅಂತ ಮಾತ್ರ ಈಗ್ಲೇ ಹೇಳ್ಬೇಡಿ ಸಾರ್."