ಕಾಲು ಒಳಗೆ, ಮನುಷ್ಯ ಹೊರಗೆ

ನಮ್ಮ ಕಾಕಾನ ಎದುರು ಕೆಮ್ಮಬಾರದು, ಸೀನಬಾರದು, ಎಡವಲಂತೂ ಬಾರದು! ಎಡವಿದಿರೋ, ನೀವು ಎದ್ದು ಮೈ ಝಾಡಿಸಿಕೊಳ್ಳುವುದರೊಳಗೆ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಪಟ್ಟಿ ಸುತ್ತಿರುತ್ತಿದ್ದ. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಎಂಬತ್ತರ ದಶಕದಲ್ಲಿ ಶಿರಗುಪ್ಪಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಪ್ರಥಮ ಚಿಕಿತ್ಸೆ ಖೋಲಿ ಅವನ ವಶದಲ್ಲಿತ್ತು. ಬೆಳಗಾವಿಯಲ್ಲಿ ತರಬೇತಿ ಮುಗಿಸಿ ಬಂದವನು ಮೊದಲು ಕೈ ಸಾಧಿಸಿದ್ದು ಮನೆಮಂದಿಯ ಮೇಲೆ. ಮಂದಿ ತಪ್ಪಿಸಿಕೊಂಡು ಓಡಾಡತೊಡಗಿದ ಮೇಲೆ ನಮ್ಮ ಎಮ್ಮೆಯ ಮೇಲೆ! ಎಮ್ಮೆ ಅವತ್ತು ಹಾಲು ಕೊಡಲಿಲ್ಲ.

"ಅದಕ್ಕ ನಿಮ್ಮ ಮ್ಯಾಲ ಸಿಟ್ಟು ಬಂದೈತಿ," ಎಂದಳು ಕಾಕಿ.

"ಸಿಟ್ಟಲ್ಲ, ಆಘಾತ ಅದು! ಬೆಚ್ಚಗ ಹೊಚ್ಚು," ಎಂದ ಕಾಕಾ. ಎಮ್ಮೆಗೆ ಕೌದಿ ಹೊಚ್ಚಿದ ಮನೆ ನಮ್ಮ ಸೀಮೆಯಲ್ಲಿ ನಮ್ಮದೊಂದೇ ಇರಬೇಕು.

ಕರೋಶಿಯಲ್ಲಿ ಒಂದು ಮದುವೆ. ಬೀಗರ ಕಡೆಯ ಮುದುಕಿಯೊಬ್ಬಳು ಹೊಟ್ಟೆ ತುಂಬ ಹೋಳಿಗೆ ಉಂಡು, ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಕಾಕಾ ಕಂಡ! "ಸರೀರಿ, ಗಾಳಿ ಬಿಡ್ರಿ!" ಎಂದು ಹಂದರವನ್ನೇ ಖಾಲಿ ಮಾಡಿಸಿದ. ಮದುಮಗನೂ ಹೊರಗೆ! ಮುದುಕಿಯನ್ನು ಅಡ್ಡ ಮಲಗಿಸಿ, ಕಾಲಡಿ ತಲೆದಿಂಬು ತುರುಕುವಷ್ಟರಲ್ಲಿ ಆಕೆ ಕಣ್ಣು ಬಿಟ್ಟಳು. "ಯಾವಾಂವಲೇ ನೀ? ಚಂದಾಗಿ ನಿದ್ದಿ ಮಾಡಾಕೂ ಬಿಡವಲ್ಲಿ!"

"ಎಚ್ಚರಾತು!" ಎಂದು ಕಾಕಾ ಹೊರಗಿದ್ದವರಿಗೆಲ್ಲ ಸಾರಿದ.

ಇಷ್ಟೆಲ್ಲ ಹುಚ್ಚಿದ್ದವನು ಸೂಜಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಸೂಜಿ ಮಾಡದವನು ಡಾಕ್ಟರನೇ ಅಲ್ಲ, ನಿಮಗೇ ಗೊತ್ತಿದೆ. ದ್ರಾಕ್ಷಿ ತೋಟದ ಗೌಡರೊಬ್ಬರು ಜ್ವರದಲ್ಲಿ ನಡುಗುತ್ತ ಮನೆಗೆ ಬಂದು, "ಒಂದು ಸೂಜಿ ಚುಚ್ಚಿಬಿಡೋ ತಮ್ಮಾ, ಯಾರು ಕೇಳ್ತಾರ?" ಎಂದರು.

"ನಾ ಕೇಳ್ತೀನ್ರಿ! ತೊಳಿಯೂದು, ಒತ್ತಿ ಹಿಡಿಯೂದು, ಕಟ್ಟೂದು, ಡಾಕ್ಟರ್ ಕಡೆ ಮುಟ್ಟಸೂದು. ಅಲ್ಲಿಗೆ ನನ್ನ ಕೆಲಸ ಮುಗೀತು. ಸೂಜಿ ಬೇಕಂದ್ರ ಸೈಕಲ್ ಹತ್ರಿ, ಕಾಗವಾಡಕ್ಕ ಬಿಟ್ಟು ಬರ್ತೀನಿ." ಗೌಡರು ದಾರಿಯುದ್ದಕ್ಕೂ ಬೈಯುತ್ತ ಕ್ಯಾರಿಯರ್ ಮೇಲೆ ಕೂತು ಹೋದರು.

ತನ್ನ ಗೆರೆಯನ್ನು ತಾನು ದಾಟದ ಈ ಮನುಷ್ಯ ಕಾರ್ಖಾನೆ ಎಳೆದ ಗೆರೆಯನ್ನು ಒಪ್ಪಲಿಲ್ಲ ನೋಡಿ! ಪಟ್ಟಿ, ಟಿಂಚರ್ ಎಲ್ಲ ಗೇಟಿನ ಒಳಗಿನವರಿಗೆ ಮಾತ್ರ ಎಂಬುದು ಅಲ್ಲಿಯ ನಿಯಮ. ಹಂಗಾಮು ಶುರುವಾದರೆ ಕಬ್ಬಿನ ಗಾಡಿಗಳ ಪಾಳಿ ಗೇಟಿನ ಹೊರಗೆ ಕಣ್ಣು ಹರಿಯುವವರೆಗೆ ನಿಲ್ಲುತ್ತಿತ್ತು. ಕುಡುಗೋಲು ತಾಗಿದವರು, ಎತ್ತು ತುಳಿದವರು ಎಲ್ಲ ಅಲ್ಲೇ. ಕಬ್ಬು ಬೇಕು, ಕಬ್ಬು ತಂದವನ ಕಾಲು ಬೇಡ! ಇದ್ಯಾವ ಸೀಮೆಯ ನ್ಯಾಯ?

"ಗೇಟ್ ದಾಟಿ ಪಟ್ಟಿ ಕಟ್ಟಿದ್ರ ಅಲ್ಲೇ ಇದ್ದುಬಿಡ್ರಿ, ಮತ್ತ ಒಳಗ ಬರಬ್ಯಾಡ್ರಿ," ಎಂದು ಮ್ಯಾನೇಜರ್ ಸಾಹೇಬರು ತಾಕೀತು ಮಾಡಿದರು.

ಕಾಕಾ ದಾಟಲಿಲ್ಲ. ಗೇಟಿನ ಒಳಬದಿಗೆ ಸ್ಟೂಲ್ ಹಾಕಿಕೊಂಡು ಕೂತ. ಗಾಯವಾದವರು ಹೊರಗೆ ನಿಂತು ಸರಳುಗಳ ನಡುವೆ ಕಾಲು ತೂರಿಸುವುದು, ಇವನು ಒಳಗಿಂದ ಕಟ್ಟುವುದು! ಸಾಹೇಬರು ಕೆಂಡವಾಗಿ ಬಂದರು.

"ಮನಶ್ಯಾ ಹೊರಗ ಅದಾನ, ಖರೇರಿ. ಕಾಲು ಒಳಗ ಐತಿ. ನಾ ಕಾಲಿಗೆ ಕಟ್ಟಾಕತ್ತೀನಿ, ಮನಶ್ಯಾಗಲ್ಲ!"

ಸಾಹೇಬರು ಕಾಲನ್ನೊಮ್ಮೆ, ಗೇಟನ್ನೊಮ್ಮೆ ನೋಡಿ ಆಫೀಸಿಗೆ ಮರಳಿದರು. ಅಂದಿನಿಂದ ಕಾಲು, ಮೊಣಕೈ, ಬೆರಳು ಎಲ್ಲ ಒಳಬಂದವು. ಒಬ್ಬ ಪುಣ್ಯಾತ್ಮ ಒಡೆದ ತಲೆಯನ್ನೇ ತೂರಿಸಿ ಸಿಕ್ಕಿಬಿದ್ದ. ಎಣ್ಣೆ ಹಚ್ಚಿ ತಲೆ ಬಿಡಿಸುವುದು ಪ್ರಥಮ ಚಿಕಿತ್ಸೆಯೊಳಗೆ ಬರುತ್ತದೋ ಇಲ್ಲವೋ, ಕಾಕಾನಿಗೂ ಗೊತ್ತಿರಲಿಲ್ಲ.

ಒಂದು ದಿನ ಮುಂಜಾನೆ, ನಮ್ಮ ಗಾಡಿಯೂ ಪಾಳಿಯಲ್ಲಿದ್ದಾಗ, ಗೇಟಿನ ಎದುರಿಗೇ ತುಂಬಿದ ಗಾಡಿಯೊಂದು ಮಗುಚಿತು. ಗಾಡಿ ಹೊಡೆಯುತ್ತಿದ್ದವನು ಭೋಜದ ಕಡೆಯ ಹರೆಯದ ಹುಡುಗ. ಅರ್ಧ ಮೈ ಕಬ್ಬಿನ ಕೆಳಗೆ; ಮುರಿದ ಕಟ್ಟಿಗೆ ತೊಡೆ ಸೀಳಿ ರಕ್ತ ಧಾರಾಕಾರ ಹರಿಯುತ್ತಿತ್ತು. ಈ ಕಾಲನ್ನು ಗೇಟಿನವರೆಗೆ ತರುವಂತಿರಲಿಲ್ಲ. ಕಾಕಾ ಎದ್ದು ನಿಂತ.

"ಹೊರಗ ಹೋದ್ರ ಕೆಲಸ ಇಲ್ಲ, ನೆನಪಿರಲಿ," ಎಂದರು ಸಾಹೇಬರು. ಕಾಕಾನ ಮನೆಯ ಒಲೆ ಉರಿಯುತ್ತಿದ್ದುದೇ ಆ ಪಗಾರದಿಂದ.

"ಗೇಟ್ ತಗೀತೀರೋ, ಹತ್ತಿ ಹಾರ್ಲೋ?"

ಕಾವಲುಗಾರ ಗೇಟು ತೆಗೆದ. ಕಾಕಾ ಓಡಿಬಂದು ಬಟ್ಟೆ ಮಡಚಿಟ್ಟು ಎರಡೂ ಅಂಗೈಗಳಿಂದ ಗಾಯವನ್ನು ಒತ್ತಿದ. "ಸೂಜಿ ಮಾಡ್ರಿ!" ಎಂದು ಒಬ್ಬ, "ಅರಿಷಿಣ ತುಂಬ್ರಿ!" ಎಂದು ಇನ್ನೊಬ್ಬ. "ಏನೂ ಬ್ಯಾಡ! ಕಬ್ಬು ಎತ್ರಿ, ಟ್ರ್ಯಾಕ್ಟರ್ ತರ್ರಿ!" ಎಂದು ಕಾಕಾ ಗುಡುಗಿದ. ಟ್ರಾಲಿಯಲ್ಲಿ ನಾನು ಆ ಹುಡುಗನ ತಲೆ ಹಿಡಿದು ಕೂತಿದ್ದೆ. ಮಿರಜದ ದವಾಖಾನೆ ಮುಟ್ಟುವವರೆಗೆ ಕಾಕಾ ಕೈ ಸಡಿಲಿಸಲಿಲ್ಲ. "ಇನ್ನ ಬಿಡ್ರಿ, ಮುಂದಿಂದು ನನ್ನ ಕೆಲಸ," ಎಂದು ಡಾಕ್ಟರು ಹೇಳಿದಾಗಲೇ ಬಿಟ್ಟ. ಹುಡುಗ ಉಳಿದ. ಕಾಕಾನ ಕೆಲಸ ಉಳಿಯಲಿಲ್ಲ. ಸಾಹೇಬರು ಆಡಿದಂತೆ ನಡೆದುಕೊಂಡರು.

ಸಂಜೆ ಮನೆಯಲ್ಲಿ ಕಾಕಾ ತಾಟಿನ ಮುಂದೆ ಕೂತ. ಬೆರಳುಗಳು ಸೆಟೆದು ರೊಟ್ಟಿ ಮುರಿಯಲಾಗಲಿಲ್ಲ. ಕಾಕಿ ಒಲೆ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ ಅವನ ಬಾಯಿಗಿಟ್ಟಳು. ಕಾರ್ಖಾನೆಯನ್ನೇ ಎದುರು ಹಾಕಿಕೊಂಡವನ ಕಣ್ಣು ತುಂಬಿ ಬಂದಿತ್ತು. ನನಗೂ ನೋಡಲಾಗಲಿಲ್ಲ.

"ಬೈಯಂಗಿಲ್ಲೇನ?" ಎಂದ ಮೆಲ್ಲಗೆ.

"ನಾಳೆ ಮತ್ತೊಬ್ಬ ಹಂಗ ಬಿದ್ರ ಏನ್ ಮಾಡ್ತೀರಿ?"

"ಹೋಗ್ತೀನಿ."

"ಹಂಗಾದ್ರ ಸುಮ್ಮನ ಬಾಯಿ ತಗೀರಿ," ಎಂದು ಕಾಕಿ ಇನ್ನೊಂದು ತುತ್ತು ಎತ್ತಿದಳು.