ಚೂರ್ಮಾ ಮತ್ತು ತಿನ್ನುವ ಹಾಳೆ

ತಿನಿಸಿನ ಜೊತೆಗೆ ಅದನ್ನು ಕಟ್ಟಿದ ಹಾಳೆಯನ್ನೂ ತಿಂದುಬಿಟ್ಟರೆ ಜಗತ್ತಿನಲ್ಲಿ ಕಸವೇ ಇರುವುದಿಲ್ಲ! ಈ ಮಹಾಸತ್ಯವನ್ನು ಸಾಧಿಸಿ ತೋರಿಸಲು ಗೋವಾದ ಒಂದು ಕಂಪನಿ ನನ್ನನ್ನು ತಾತ್ಕಾಲಿಕವಾಗಿ ನೇಮಿಸಿಕೊಂಡಿತ್ತು. ಸಾಬೂದಾಣಿಯ ಹಿಟ್ಟನ್ನು ನೀರಿನಲ್ಲಿ ಕುದಿಸಿ, ಒಂದಿಷ್ಟು ಗ್ಲಿಸರಿನ್ ಸೇರಿಸಿ, ತಟ್ಟೆಯಲ್ಲಿ ತೆಳ್ಳಗೆ ಹರವಿ ಒಣಗಿಸಿದರೆ ಹಾಳೆ ಸಿದ್ಧ. ಹಪ್ಪಳ ಮಾಡುವ ಯಾವ ಅಜ್ಜಿಯೂ ಇಷ್ಟಕ್ಕೆ ಸಂಬಳ ಕೇಳಿರಲಿಕ್ಕಿಲ್ಲ. ನಾನು ಕೇಳುತ್ತಿದ್ದೆ.

ನನ್ನ ನೌಕರಿ ಕಾಯಂ ಆಗಲೆಂದು ಧಾರವಾಡದ ನಮ್ಮತ್ತೆ ಸೋಳಾ ಸೋಮವಾರದ ವ್ರತ ಹಿಡಿದಿದ್ದರು. ಹದಿನಾರು ಸೋಮವಾರ ಸಂಜೆಯವರೆಗೆ ಉಪವಾಸ, ಆಮೇಲೂ ಉಪ್ಪು ಮುಟ್ಟುವಂತಿಲ್ಲ. ಎಪ್ಪತ್ತರ ಹತ್ತಿರದ ಜೀವ! ಮೊಟ್ಟೆಯ ಹೆಸರನ್ನೂ ಬಾಯಲ್ಲಿ ಹೇಳದೆ ‘ಅದು’ ಎನ್ನುವವರು. ವ್ರತದ ಉದ್ಯಾಪನೆಗೆಂದು ಗೋವಾದ ಮ್ಹಾಪಸಾ ಊರಿನಲ್ಲಿದ್ದ ನಮ್ಮ ಮನೆಗೆ ಬಂದರು. ಗೋದಿಯ ಚೂರ್ಮಾ ಪ್ರಸಾದವನ್ನು ಬಂದವರಿಗೆಲ್ಲ ಹಂಚಬೇಕಿತ್ತು.

“ಪ್ಲಾಸ್ಟಿಕ್ ಬ್ಯಾಡ. ಲ್ಯಾಬಿನಿಂದ ನನ್ನ ಹಾಳಿ ತರತೇನಿ,” ಎಂದೆ.

“ರೀ, ಬಾಳಿ ಎಲಿ ಅದಾವಲ್ರೀ?” ಎಂದಳು ಹೆಂಡತಿ ಸುಮಿತ್ರಾ.

“ವಿಜ್ಞಾನಕ್ಕ ಅಡ್ಡ ಬರಬ್ಯಾಡ!”

ಶನಿವಾರ ಅವಸರದಲ್ಲಿ ಲ್ಯಾಬಿನ ಕಪಾಟಿನಿಂದ ಒಂದು ಕಟ್ಟು ಎಳೆದು ತಂದು ಅವಳ ಕೈಗಿಟ್ಟೆ.

ಸೋಮವಾರ ಸಂಜೆ ಹೊರಗೆ ಮಳೆ, ಒಳಗೆ ಇಪ್ಪತ್ತು ಜನ. ಪೂಜೆ ಮುಗಿದು ಪ್ರಸಾದದ ಪೊಟ್ಟಣಗಳು ಕೈಗೆ ಬಂದವು. ನಾನು ಎದ್ದು ನಿಂತು ಸಣ್ಣದೊಂದು ಭಾಷಣ ಮಾಡಿ, “ಯಾರೂ ಬಿಚ್ಚಬ್ಯಾಡ್ರಿ! ಹಿಂಗ ತಿನ್ನೂದು,” ಎಂದು ಪೊಟ್ಟಣವನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಕಣ್ಣು ಮುಚ್ಚಿ ಅಗಿದೆ. ಬಹಳ ಹೊತ್ತು ಅಗಿದೆ. “ನಾರು ಸ್ವಲ್ಪ ಹೆಚ್ಚಾಗೇತಿ. ಆರೋಗ್ಯಕ್ಕ ಚಲೋ,” ಎಂದು ಘೋಷಿಸಿದೆ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಬಾಯಿಯೂ ತೆರೆಯಲಿಲ್ಲ.

“ಅಳಿಯಂದ್ರು ಇಷ್ಟು ಹೇಳಾಕತ್ತಾರ. ಮೊದಲ ನಾ ತಿಂತೇನಿ,” ಎಂದು ಅತ್ತೆ ತಮ್ಮ ಪೊಟ್ಟಣ ಎತ್ತಿಕೊಂಡರು. ಅಭಿಮಾನದಿಂದ ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಜೇಬಿನಲ್ಲಿದ್ದ ಮೊಬೈಲ್ ಬಡಿದುಕೊಂಡಿತು. ಲ್ಯಾಬಿನ ಸಹೋದ್ಯೋಗಿ, ಕಾರವಾರದ ಶಾಂತಾ.

“ಸರ್, ನಿಮ್ಮ ಸಾಬೂದಾಣಿ ಹಾಳೆ ಇಲ್ಲೇ ಇದೆಯಲ್ಲ! ನೀವು ತಗೊಂಡು ಹೋಗಿದ್ದು ನಂದು. ಸಿಗಡಿ ಚಿಪ್ಪಿಂದು!”

ನಮ್ಮ ಲ್ಯಾಬಿನಲ್ಲಿ ಸಿಗಡಿಯ ಚಿಪ್ಪಿನಿಂದಲೂ ಹಾಳೆ ಮಾಡುತ್ತಿದ್ದೆವು. ನೋಡಲು ಎರಡೂ ಒಂದೇ ಥರ. ನಾನು ತಿಂದದ್ದು ಹಾಳಾಗಿ ಹೋಗಲಿ, ಆ ಮುದುಕಿ ನನಗಾಗಿ ಹದಿನಾರು ವಾರ ಹಸಿದು ಮಾಡಿದ ವ್ರತ! ಪೊಟ್ಟಣ ಅವರ ತುಟಿಯ ಹತ್ತಿರ ಹೋಗಿತ್ತು. ಇಬ್ಬರು ಹಿರಿಯರನ್ನೂ ಒಂದು ಆರತಿ ತಟ್ಟೆಯನ್ನೂ ದಾಟಿ ಹಾರಿ ಅದನ್ನು ಕಸಿದುಕೊಂಡೆ!

“ಏನಾತ್ರೀ?” ಎಂದರು ಅತ್ತೆ, ಗಾಬರಿಯಾಗಿ.

“ಇದು... ಇದರ ತೂಕ ಮಾಡೂದು ಉಳದೇತ್ರಿ,” ಎಂದೆ. ಉಳಿದವರ ಪೊಟ್ಟಣಗಳನ್ನೂ ಪಟಪಟನೆ ಕಿತ್ತುಕೊಂಡು ಪರಾತದಲ್ಲಿ ತುಂಬಿ ಅಡುಗೆಮನೆಗೆ ಓಡಿದೆ. ದೇವರ ಪ್ರಸಾದ ಕೊಟ್ಟು ವಾಪಸು ಕಸಿದುಕೊಂಡ ಮೊದಲ ಯಜಮಾನ ನಾನೇ ಇರಬೇಕು.

“ಸುಮಿತ್ರಾ, ಘಾತ ಆತು! ಹಾಳಿ ಸಿಗಡೀದಂತ!”

ಆಕೆ ತಣ್ಣಗೆ ಅಂದಳು: “ನಿಮ್ಮ ಹಾಳಿ ಎಲ್ಲೈತ್ರಿ? ಈ ಮಳಿಗೆ ಒಂದಕ್ಕೊಂದು ಅಂಟಿ ಮುದ್ದಿ ಆಗಿತ್ತು. ನಿನ್ನೆನ ಕಸಕ್ಕ ಹಾಕೇನಿ. ಇದು ಬೇಕರಿಯಿಂದ ತಂದ ಬಟರ್ ಪೇಪರ್.”

ಗೋಡೆಗೆ ಒರಗಿ ಕುಳಿತುಬಿಟ್ಟೆ. ಅಬ್ಬಾ! ಅತ್ತೆಯ ವ್ರತ ಉಳಿಯಿತು. ಅಂಥ ನೆಮ್ಮದಿಯ ಉಸಿರನ್ನು ನಾನು ಜನ್ಮದಲ್ಲಿ ಬಿಟ್ಟಿರಲಿಲ್ಲ. ಆ ಉಸಿರಿನ ಹಿಂದೆಯೇ ಬುದ್ಧಿಯೂ ಬಂತು.

“ಹಂಗಾದ್ರ ನಾ ತಿಂದದ್ದು?”

“ಅದನ್ನ. ತಿನ್ನಬ್ಯಾಡ್ರಿ ಅಂತ ಕೈಸನ್ನಿ ಮಾಡಿದ್ನಿ. ನೀವು ಕಣ್ಣು ಮುಚ್ಚಿ ಸವೀತಿದ್ರಿ.”

“ಮತ್ತ ಅತ್ತಿ?”

“ಅವ್ವಗ ಎಲ್ಲಾ ಗೊತ್ತೈತಿ. ಮಂದಿ ಎದುರಿಗೆ ಅಳಿಯನ ಮಾನ ಹೋಗಬಾರದಂತ ಅಕಿನೂ ಪೇಪರ್ ತಿನ್ನಾಕ ಹೊಂಟಿದ್ಲು!”

ತಲೆ ತಗ್ಗಿಸಿ ಪರಾತ ಹಿಡಿದು ಹೊರಗೆ ಬಂದೆ. ಅತ್ತೆ ಒಂದು ಪೊಟ್ಟಣ ತೆಗೆದುಕೊಂಡು, ಕಾಗದ ಸುಲಿದು, ಚೂರ್ಮಾದ ತುತ್ತನ್ನು ನನ್ನ ಮುಂದೆ ಹಿಡಿದರು.

“ತೂಕ ಆಮ್ಯಾಲ ಮಾಡಿರಂತ. ಈಗ ಬಿಚ್ಚಿ ಕೊಟ್ಟೇನಿ, ಬಾಯಿ ತಗೀರಿ.”

ಇಪ್ಪತ್ತು ಜನರ ಎದುರು ವಿಜ್ಞಾನಿ ಬಾಯಿ ತೆರೆದ.