ಚೆಸ್ ಅಂದ್ರೆ ಏನ್ರೀ?

ಕೆಲವು ಪದಗಳಿಗೆ ಸುಮ್ಮನಿರೋಕೇ ಬರಲ್ಲ. ಒಬ್ಬರ ಬಾಯಿಂದ ಹೊರಟು ಇನ್ನೊಬ್ಬರ ಕಿವಿ ಸೇರೋದರೊಳಗೆ ಬೇರೇನೋ ಆಗಿರುತ್ತವೆ. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ವಠಾರದಲ್ಲಿದ್ದಾಗ ‘ಚೆಸ್’ ಅನ್ನೋ ಪದ ನನ್ನ ಬೆನ್ನು ಹತ್ತಿ, ಕೊನೆಗೆ ಮದುವೆಗೇ ಕಲ್ಲು ಹಾಕೋಕೆ ಬಂತು.

ಯಾವ ಸೆಸ್ಸು?

ನಾನೂ ಪಕ್ಕದ ಮನೆ ಮೇಷ್ಟ್ರೂ ಜಗಲಿ ಮೇಲೆ ಸಂಜೆ ಚೆಸ್ ಆಡ್ತಿದ್ವಿ. ಹುರುಪಿಗೆ ಗೋಡೆ ಮೇಲೆ ‘ಚೆಸ್ ಸಂಘ’ ಅಂತ ಬರೆದೂ ಬಿಟ್ವಿ. ಮಾರನೇ ದಿನವೇ ಹಳೇ ಊರಿನ ಗೌಡರೊಬ್ಬರು ಸಿಟ್ಟಾಗಿ ಬಂದರು.

“ಹೊಲ ಎಲ್ಲ ಲೇಔಟಿಗೆ ಹೋಯ್ತು. ಇನ್ಯಾವ ಸೆಸ್ ಕಟ್ಬೇಕ್ರಪ್ಪಾ?”

“ತೆರಿಗೆ ಅಲ್ಲ ಗೌಡ್ರೇ, ಇದು ಆಟ. ಕೂತು ನೋಡಿ.”

ಕೂತರು. ನಾನು ಯೋಚಿಸ್ತಿದ್ದೆ, ಮೇಷ್ಟ್ರೂ ಯೋಚಿಸ್ತಿದ್ರು. ಗೌಡರು ಒಂದು ಬೀಡಿ ಮುಗಿಸಿ, ಇನ್ನೊಂದು ಹಚ್ಚಿ, ಅದನ್ನೂ ಮುಗಿಸಿ ಎದ್ದರು. “ಆಟ ಶುರು ಮಾಡ್ದಾಗ ಹೇಳಿ ಕಳ್ಸಿ, ಬರ್ತೀನಿ.”

ಮಂತ್ರಿ ಹೋದ್ರು

ಇಂಗ್ಲಿಷಿನವರು ರಾಣಿ ಅನ್ನೋ ಕಾಯಿಗೆ ನಾವು ಮಂತ್ರಿ ಅಂತೀವಿ. ಗಂಡಸು ಹೆಂಗಸಾಗಿದ್ದು ಎಲ್ಲಿ, ಯಾವಾಗ ಅಂತ ನಾನು ಕೇಳದೆ ಬಿಟ್ಟೋರಿಲ್ಲ. ಯಾರಿಗೂ ಗೊತ್ತಿಲ್ಲ!

ಒಂದು ಭಾನುವಾರ ಮೇಷ್ಟ್ರ ಮಂತ್ರೀನ ಹೊಡೆದೆ. “ಅಯ್ಯೋ, ಮಂತ್ರಿ ಹೋದ್ರಲ್ಲಪ್ಪಾ!” ಅಂತ ಅವರು ಕೂಗಿದ್ದು ವಠಾರಕ್ಕೆಲ್ಲ ಕೇಳಿಸ್ತು. ಸೋಮವಾರ ಮೇಷ್ಟ್ರ ಕ್ಲಾಸಿಗೆ ನಮ್ಮ ವಠಾರದ ಒಂದು ಮಗುವೂ ಬರಲಿಲ್ಲ. ಮಂತ್ರಿ ತೀರಿಕೊಂಡರೆ ಸ್ಕೂಲಿಗೆ ರಜಾ ತಾನೇ?

ಸಂಜೆ ನನ್ನ ಮೇಲೆ ರೇಗಿದರು. “ಇನ್ಮೇಲೆ ಮಂತ್ರೀನ ಹೊಡೆಯೋದಾದ್ರೆ ಶನಿವಾರ ಹೊಡಿ ಕಣಯ್ಯಾ!”

ಎದೆಯ ವಿಷಯ

ವಿಜಯನಗರಕ್ಕೆ ಹೆಣ್ಣು ನೋಡೋಕೆ ಹೋಗಿದ್ವಿ. ಹುಡುಗಿ ತಲೆ ತಗ್ಗಿಸದೆ ನೇರ ನನ್ನನ್ನೇ ನೋಡಿದಳು. ಮದುವೆ ಆದರೆ ಇವಳನ್ನೇ ಆಗಬೇಕು ಅನ್ನಿಸಿಬಿಟ್ಟಿತು.

ಪೇಪರಿನಲ್ಲಿ ಬರೋ ಚೆಸ್ ಒಗಟಿಗೆ ನಾನು ‘ಪ್ರಾಬ್ಲಂ’ ಅಂತಿದ್ದೆ, ಅಮ್ಮನೂ ಅದನ್ನೇ ಕಲಿತಿದ್ದಳು. ಹುಡುಗಿಯ ಅಪ್ಪನಿಗೆ ಅಮ್ಮ ಹೆಮ್ಮೆಯಿಂದ ಹೇಳಿದಳು: “ದುರಭ್ಯಾಸ ಒಂದೂ ಇಲ್ಲ. ಚೆಸ್ ಪ್ರಾಬ್ಲಂ ಒಂದಿದೆ ನೋಡಿ. ಅದು ಹಿಡಿದ್ರೆ ಊಟ ಸೇರಲ್ಲ, ನಿದ್ದೆ ಬರಲ್ಲ.”

ಅವರ ಮುಖ ಬಿಳಿಚಿಕೊಂಡಿತು. “ಎಷ್ಟು ದಿನದಿಂದ?”

“ಹೈಸ್ಕೂಲಿಂದ. ಅವರಪ್ಪಂಗೂ ಇತ್ತು.”

ಅದೇ ಹೊತ್ತಿಗೆ ಉಪ್ಪಿಟ್ಟಿನ ಮೆಣಸಿನಕಾಯಿ ಗಂಟಲಿಗೆ ಸಿಕ್ಕಿ ನಾನು ಕೆಮ್ಮಿದೆ.

‘ತಿಳಿಸ್ತೀವಿ’ ಅಂದವರು ತಿಳಿಸಲೇ ಇಲ್ಲ. ಹುಡುಗನ ಎದೆ ಸರಿ ಇಲ್ಲವಂತೆ ಅಂತ ಸುದ್ದಿ ಬಂತು. ತಡೆಯಲಾರದೆ ನಾನೇ ಹೋದೆ. ಹುಡುಗಿ ಅಪ್ಪ ಕಿಟಕಿ ತೆಗೆದು, ದೂರದ ಕುರ್ಚಿ ತೋರಿಸಿದರು.

“ಸಾರ್, ಅದು ಚೆಸ್ಟ್ ಅಲ್ಲ, ಚೆಸ್!”

“ಹಂಗಂದ್ರೆ?”

“ಚದುರಂಗ.”

ಅರಳುತ್ತಿದ್ದ ಮುಖ ಮತ್ತೆ ಬಾಡಿತು. “ಧರ್ಮರಾಯ ಆಡಿ ಹೆಂಡ್ತೀನ ಸೋತಿದ್ದಾ?”

“ಅದು ಪಗಡೆ ಸಾರ್! ಇದರಲ್ಲಿ ಪಣ ಇಲ್ಲ!”

“ಎಲ್ಲಾರೂ ಮೊದಲು ಹಂಗೇ ಅನ್ನೋದು. ಎದೆರೋಗಕ್ಕಾದ್ರೆ ಔಷಧಿ ಇದೆಯಪ್ಪಾ. ಧರ್ಮರಾಯಂಗೆ ಯಾವ ಔಷಧಿ ಕುಡಿಸ್ಲಿ?”

ಒಳಗಿಂದ ಹುಡುಗಿ ಗೊಳ್ಳೆಂದು ನಕ್ಕಳು. “ಅಪ್ಪಾ, ನಾನೇನು ದ್ರೌಪದೀನಾ? ಒಪ್ಕೊಳ್ಳಿ!”

ಮದುವೆ ಆಯ್ತು. ಆಮೇಲೆ ನಾನು ಎಷ್ಟು ಕೆಮ್ಮಿದರೂ ಮಾವ ತಿರುಗಿ ನೋಡಲಿಲ್ಲ. ಚೆಸ್ ಬೋರ್ಡ್ ಹಾಸಿದರೆ ಮಾತ್ರ, ಮೆಲ್ಲಗೆ ಒಳಗೆ ಹೋಗಿ ಮಗಳ ಕೈಯ ಬಳೆ ಎಲ್ಲ ಇದೆಯಾ ಅಂತ ಎಣಿಸಿ ಬರ್ತಿದ್ರು.